ಕ್ರೇನ್ ಎತ್ತಿ ಇಳಿಸಿದ ಮನೆ

ಪ್ರಶ್ನೆ: ತೋರಣಗಲ್ಲಿನ ನನ್ನ ನಿವೇಶನದಲ್ಲಿ ಲಾರಿಯಲ್ಲಿ ತಂದಿಳಿಸಿದ ಕಬ್ಬಿಣದ ರೆಡಿಮೇಡ್ ಮನೆಯಿದೆ. ಮಾರಲು ಬಾಂಡ್ ಪೇಪರ್ ಸಾಕೇ?

ಉತ್ತರ: ಮೊದಲು ಬಗ್ಗಿ ಮನೆಯ ಬುಡ ನೋಡಿ. ಸೈಜುಗಲ್ಲಿನ ಮೇಲೆ ಸುಮ್ಮನೆ ಕುಳಿತಿದ್ದು, ಎತ್ತಿದರೆ ಎದ್ದುಬರುವಂತಿದ್ದರೆ ಸಾಮಾನ್ಯವಾಗಿ ಅದು ಚರಾಸ್ತಿ. ಹಳೆಯ ಖರೀದಿ ಬಿಲ್ಲಿನೊಂದಿಗೆ ಮಾರಾಟದ ಪತ್ರ ಬರೆದುಕೊಡಬಹುದು. ಕಾಂಕ್ರೀಟಿಗೆ ಬೋಲ್ಟ್ ಬಿಗಿದು ಕಾಯಂ ನಿಲ್ಲಿಸಿದ್ದರೆ ಕಥೆಯೇ ಬೇರೆ, ಸಾಮಾನ್ಯವಾಗಿ ಅದು ಸ್ಥಿರಾಸ್ತಿ. ನಿವೇಶನವನ್ನೂ ಸೇರಿಸಿ ಮಾರುವುದಾದರಂತೂ ನೋಂದಾಯಿತ ಕ್ರಯಪತ್ರವೇ ಬೇಕು: 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ 100 ರೂಪಾಯಿ ಬೆಲೆಯ ಸ್ಥಿರಾಸ್ತಿಗೂ ವಿನಾಯಿತಿ ಕೊಡುವುದಿಲ್ಲ. ಪಂಚಾಯಿತಿಯ ಇ-ಸ್ವತ್ತು ನಮೂನೆ (ಆಸ್ತಿಯ ಗಣಕೀಕೃತ ದಾಖಲೆ), ಋಣಭಾರ ಪತ್ರ (ಇ.ಸಿ.) ಮೊದಲೇ ತೆಗೆಸಿಡಿ. ಬಾಂಡ್ ಪೇಪರಿನ ಸಲಹೆಗಾರರನ್ನು ನಾನು ಬಲ್ಲೆ. ಬಳ್ಳಾರಿಯಲ್ಲಿ ಪ್ರತಿ ಚಹದಂಗಡಿಗೂ ಒಬ್ಬರಿದ್ದಾರೆ.