ಎಮರ್ಸನ್ ಓದೋಕೆ ಎಲ್ಲಿಂದ ಶುರು ಮಾಡಬೇಕು?

ಸರ್, ನಿಮ್ಮ ಓದುಬಳಗ ಅಮೆರಿಕದ ಪ್ರಬಂಧಕಾರ, ಕವಿ ಎಮರ್ಸನ್ ಅವರ ‘ನೇಚರ್’ (1836) ಹಿಡಿದು ಎರಡೇ ವಾರಕ್ಕೆ ಕೈಬಿಟ್ಟಿತು, ಅಮೆರಿಕದ ಸಾಹಿತ್ಯದ ಮೇಲೆ ಅವರ ಪ್ರಭಾವ ಕಾಣೋದೆಲ್ಲಿ ಅಂತ ಕೇಳಿದ್ದೀರಿ. ಶುರುವಿಗೆ ಆ ಪುಸ್ತಕ ಬೇಡ.

ಅವರು ದಿನಚರಿಯಲ್ಲಿ ಬಿಡಿ ವಿಚಾರಗಳನ್ನ ಬರೆದಿಟ್ಟು, ಅದಕ್ಕೆ ವಿಷಯಸೂಚಿ ಮಾಡಿಕೊಂಡು, ಆರಿಸಿ ಉಪನ್ಯಾಸ ಕಟ್ಟುತ್ತಿದ್ದರು. ಉಪನ್ಯಾಸವೇ ಆಮೇಲೆ ಪ್ರಬಂಧ. ಹಾಗಾಗಿ ಪ್ಯಾರಾದಿಂದ ಪ್ಯಾರಾಕ್ಕೆ ವಾದದ ಎಳೆ ಹುಡುಕಿದರೆ ಸಿಗೋದು ಕಷ್ಟ, ಹೆಚ್ಚಿನವರು ಸೋಲೋದೇ ಅಲ್ಲಿ. ಒಂದು ಕೂಟಕ್ಕೆ ಎರಡು ಮೂರು ಪುಟ ಸಾಕು, ಗಟ್ಟಿಯಾಗಿ ಓದಿ. ಕೇಳಿಸೋಕೆ ಬರೆದ ಗದ್ಯ ಅದು.

ಪ್ರಭಾವ ಕಾಣಬೇಕಾದರೆ ಜೋಡಿ ಓದೇ ದಾರಿ. ಮೊದಲು ‘ದ ಪೊಯೆಟ್’ (1844) ಪ್ರಬಂಧದ ಕೊನೆಯ ಪುಟಗಳು. ನಮ್ಮ ಮೀನುಗಾರಿಕೆ, ದಕ್ಷಿಣದ ಬೇಸಾಯ, ಪಶ್ಚಿಮದಲ್ಲಿ ಕಾಡು ಕಡಿಯೋದು, ಓರೆಗಾನ್, ಟೆಕ್ಸಾಸ್, ಇದನ್ನೆಲ್ಲ ಇನ್ನೂ ಯಾರೂ ಹಾಡಿಲ್ಲ ಅಂತಾರೆ ಅಲ್ಲಿ. ಅದೇ ಸಂಜೆ ಕವಿ ವಾಲ್ಟ್ ವಿಟ್ಮನ್ ಅವರ ‘ಸಾಂಗ್ ಆಫ್ ಮೈಸೆಲ್ಫ್’ 15ನೇ ಭಾಗ ತೆಗೀರಿ. ಬಡಗಿ, ಹಡಗಿನ ಚಾಲಕ, ಬಾತುಕೋಳಿ ಬೇಟೆಗಾರ, ನೂಲುವ ಹುಡುಗಿ, ಸಾಲು ಸಾಲಾಗಿ ಬರ್ತಾರೆ. ಎಮರ್ಸನ್ ಕಾಯುತ್ತಿದ್ದ ಕವಿ ಹನ್ನೊಂದು ವರ್ಷದಲ್ಲಿ ಬಂದೇಬಿಟ್ಟ ಅನ್ನೋದು ಅಲ್ಲಿ ಕಿವಿಗೇ ಗೊತ್ತಾಗುತ್ತೆ. ಈ ಕವನ ಇದ್ದ ‘ಲೀವ್ಸ್ ಆಫ್ ಗ್ರಾಸ್’ ಸಂಕಲನ ಓದಿ 1855ರ ಜುಲೈ 21ರಂದು ಎಮರ್ಸನ್ ವಿಟ್ಮನ್ ಅವರಿಗೆ ಮೆಚ್ಚುಗೆಯ ಪತ್ರ ಬರೆದರು. ಎಮರ್ಸನ್ ಅವರನ್ನ ಕೇಳದೆಯೇ ವಿಟ್ಮನ್ ಅದನ್ನ ಪತ್ರಿಕೆಗೆ ಕೊಟ್ಟರು, ಸಂಕಲನದ 1856ರ ಆವೃತ್ತಿಯ ಬೆನ್ನ ಮೇಲೆ ಅದರದೊಂದು ಸಾಲನ್ನ ಚಿನ್ನದಕ್ಷರದಲ್ಲಿ ಹಾಕಿಸಿದರು.

ಒಂದು ಎಚ್ಚರಿಕೆ: 1855ರ ಆವೃತ್ತಿಯಲ್ಲಿ ಈ ಕವನಕ್ಕೆ ಈ ಹೆಸರೂ ಇಲ್ಲ, ಭಾಗಗಳ ಸಂಖ್ಯೆಯೂ ಇಲ್ಲ. 52 ಭಾಗ ಮಾಡಿದ್ದು ಆಮೇಲೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಆವೃತ್ತಿ ಇದ್ದರೆ ಅರ್ಧ ಗಂಟೆ ಪುಟ ಹುಡುಕೋದರಲ್ಲೇ ಹೋಗುತ್ತೆ. 1891–92ರ ಆವೃತ್ತಿಯನ್ನ ಎಲ್ಲರೂ ಇಟ್ಟುಕೊಳ್ಳಿ.

ಎರಡನೇ ಕೂಟಕ್ಕೆ ‘ಸೆಲ್ಫ್-ರಿಲಯನ್ಸ್’ (1841) ಮೊದಲ ಭಾಗ, ಜೊತೆಗೆ ಎಮರ್ಸನ್ ಗೆಳೆಯ ಥೋರೋ ಅವರ ‘ವಾಲ್ಡನ್’ ಎರಡನೇ ಅಧ್ಯಾಯ. ಥೋರೋ ಗುಡಿಸಲು ಕಟ್ಟಿಕೊಂಡಿದ್ದು ಎಮರ್ಸನ್ ಜಮೀನಿನಲ್ಲೇ.

ಕವಯಿತ್ರಿ ಎಮಿಲಿ ಡಿಕಿನ್ಸನ್ ಅವರಿಂದ ಒಂದೇ ಕವನ ಸಾಕು, ಯಶಸ್ಸಿನ ಮೇಲಿನ 12 ಸಾಲಿನದು. 1878ರಲ್ಲಿ ಹೆಸರಿಲ್ಲದೆ ಅಚ್ಚಾದಾಗ ಅದು ಎಮರ್ಸನ್ ಅವರದ್ದೇ ಅಂದುಕೊಂಡವರಿದ್ದರು.

ಎಮರ್ಸನ್ ಅವರ ‘ಬ್ರಹ್ಮ’ (1857) ಕವನಕ್ಕೆ ಒಂದು ಸಂಜೆ ಪೂರ್ತಿ ಇಡಿ. 16 ಸಾಲು. ಮೊದಲ ಪದ್ಯದ ಪಕ್ಕ ಗೀತೆಯ 2.19 ಇಟ್ಟು ಓದಿ: ಕೊಲ್ಲುವವನೆಂದು, ಸತ್ತವನೆಂದು ತಿಳಿದವರಿಬ್ಬರೂ ಅರಿಯದವರು. ಆ ಕಾಲದ ಅಮೆರಿಕದ ಓದುಗರು ತಬ್ಬಿಬ್ಬಾಗಿ ಅಣಕು ಪದ್ಯಗಳನ್ನೇ ಬರೆದರು. ನಿಮ್ಮ ಬಳಗದಲ್ಲಿ ಗೀತೆ ಬಾಯಿಪಾಠ ಇರುವ ಹಿರಿಯರಿದ್ದರೆ ಓದೋಕೆ ಅವರಿಗೇ ಕೊಡಿ.