ಟೆಂಟ್ ಸೋರುತ್ತಿಲ್ಲ, ಅದು ನಿಮ್ಮದೇ ಉಸಿರು

ಪ್ರಶ್ನೆ: ಡಿಸೆಂಬರಿನಲ್ಲಿ ಪವನಾ ಜಲಾಶಯದ ದಂಡೆಯಲ್ಲಿ ಟೆಂಟ್ ಹಾಕಿದ್ದೆವು. ಒಂದು ಹನಿ ಮಳೆಯಿಲ್ಲ, ಆದರೂ ಬೆಳಗ್ಗೆ ಒಳಗೆಲ್ಲ ಒದ್ದೆ. ಯಾವ ವಾಟರ್‌ಪ್ರೂಫ್ ಸ್ಪ್ರೇ ಒಳ್ಳೆಯದು? (ಚಿಂಚ್‌ವಡದ ಓದುಗರು)

ಯಾವುದೂ ಬೇಡ. ಚಳಿಗಾಲ ಬಂತೆಂದರೆ ಇದೇ ಪ್ರಶ್ನೆ. ಅದು ನನ್ನ ತನಕ ಬರುವಷ್ಟರಲ್ಲಿ ಯಾರೋ ಅಂಗಡಿಯವರು ಒಂದು ಡಬ್ಬಿ ಮಾರಿಯೂ ಆಗಿರುತ್ತದೆ. ಮಳೆಯೇ ಇಲ್ಲದೆ ಟೆಂಟ್ ಸೋರುವುದೆಲ್ಲಿಂದ? ಮಲಗಿದ ಪ್ರತಿಯೊಬ್ಬರ ಉಸಿರು ಮತ್ತು ಮೈಯಿಂದ ರಾತ್ರಿಯಿಡೀ ಸುಮಾರು ಒಂದು ಲೋಟ ನೀರು ಆವಿಯಾಗಿ ಹೊರಡುತ್ತದೆ. ಮೋಡವಿಲ್ಲದ ರಾತ್ರಿ ಟೆಂಟಿನ ಹೊರಪದರದ ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಆವಿ ಅದಕ್ಕೆ ತಾಗಿ ಹನಿಗಟ್ಟುತ್ತದೆ. ನೀವೋ ಚಳಿಯೆಂದು ಗಾಳಿಕಿಂಡಿಗಳನ್ನೂ ಮುಚ್ಚಿ ಮಲಗಿರುತ್ತೀರಿ.

ಜಾಗದಿಂದಲೇ ಶುರುಮಾಡಿ. ತಣ್ಣನೆಯ ಗಾಳಿ ಭಾರ, ಇಳಿಜಾರಿನಲ್ಲಿ ಹರಿದು ನೀರಂಚಿನಲ್ಲಿ ನಿಲ್ಲುತ್ತದೆ. ಫೋಟೊ ಚೆನ್ನಾಗಿ ಬರುವ ಆ ಜಾಗವೇ ಎಲ್ಲಕ್ಕಿಂತ ಹೆಚ್ಚು ಒದ್ದೆಯಾಗುವ ಜಾಗ. ದಂಡೆಯಿಂದ ಐವತ್ತು ಹೆಜ್ಜೆ ಹಿಂದೆ, ಕೆಲವು ಅಡಿ ಎತ್ತರಕ್ಕೆ ಹೋಗಿ. ಬಾಗಿಲು ಗಾಳಿ ಬರುವ ಕಡೆಗಿರಲಿ. ಟೆಂಟಿನ ಹೊರಪದರ ಒಳಪದರಕ್ಕೆ ಎಲ್ಲಿಯೂ ತಾಗಬಾರದು, ನಾಲ್ಕು ಬೆರಳಿನ ಸಂದು ಉಳಿಯುವಂತೆ ಹಗ್ಗ ಬಿಗಿಯಿರಿ. ರಾತ್ರಿ ಬಟ್ಟೆ ಜೋಲುತ್ತದೆ, ಮಲಗುವ ಮುನ್ನ ಇನ್ನೊಮ್ಮೆ ಎಳೆಯಿರಿ. ಸಹ್ಯಾದ್ರಿಯ ಬಯಲಲ್ಲಿ ಗೇಣು ಮಣ್ಣಿನ ಕೆಳಗೆ ಕಲ್ಲು. ಗೂಟ ಇಳಿಯದಿದ್ದರೆ ಬಡಿದು ಬಗ್ಗಿಸದೆ ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಿ. ಎರಡೂ ಗಾಳಿಕಿಂಡಿ ತೆರೆದಿರಲಿ. ಸೊಳ್ಳೆಪರದೆಯ ಜಿಪ್ ಹಾಕಿ, ಹೊರಬಾಗಿಲನ್ನು ಅರ್ಧ ಸುತ್ತಿಡಿ. ಬೆಚ್ಚಗಿಡುವುದು ಕೆಳಗಿನ ಮ್ಯಾಟ್ ಮತ್ತು ಸ್ಲೀಪಿಂಗ್ ಬ್ಯಾಗ್, ಮುಚ್ಚಿದ ಜಿಪ್ ಅಲ್ಲ. ಒದ್ದೆ ಟವೆಲ್, ಸಾಕ್ಸ್ ಹೊರಗಿರಲಿ.

ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಟೆಂಟಿನ ತಳಕ್ಕಿಂತ ಸುತ್ತಲೂ ಎರಡು ಇಂಚು ಚಿಕ್ಕದಿರಬೇಕು. ಹೊರಗೆ ಚಾಚಿದರೆ ಇಳಿದ ನೀರನ್ನೆಲ್ಲ ಅದೇ ಹಿಡಿದು ನಿಮ್ಮ ಬೆನ್ನಡಿಗೆ ತರುತ್ತದೆ.

ನಿಜವಾಗಿ ಸೋರುವ ಟೆಂಟಿನಲ್ಲಿ ನೀರು ಹೊಲಿಗೆಯ ಗೆರೆಯಲ್ಲಿ ಕಾಣುತ್ತದೆ. ಅದಕ್ಕೆ ಬೇಕಾದದ್ದು ಸೀಮ್ ಸೀಲರ್, ಅಂದರೆ ಹೊಲಿಗೆಯ ತೂತು ಮುಚ್ಚುವ ಅಂಟು. ಪಿಯು (ಪಾಲಿಯುರಿಥೇನ್) ಲೇಪನದ ಬಟ್ಟೆಗೆ ಪಿಯು ಸೀಲರ್, ಸಿಲಿಕೋನ್ ಬಟ್ಟೆಗೆ ಸಿಲಿಕೋನಿನದ್ದು, ಅದಲುಬದಲಾದರೆ ಹಿಡಿಯುವುದಿಲ್ಲ. ಮನೆಗೆ ಬಂದ ದಿನವೇ ಟೆಂಟನ್ನು ನೆರಳಲ್ಲಿ ಹರವಿ. ಒದ್ದೆಯಾಗಿ ಮಡಚಿಟ್ಟರೆ ಲೇಪನ ಅಂಟಂಟಾಗಿ ಕಿತ್ತುಬರುತ್ತದೆ, ಆಮೇಲೆ ರಿಪೇರಿಯಿಲ್ಲ.

ಪ್ರಶ್ನೆ: ಚಳಿಗೆ ಟೆಂಟಿನೊಳಗೆ ಇದ್ದಿಲ ಶೆಗಡಿ ಇಡಬಹುದೇ? ಜಿಪ್ ಸ್ವಲ್ಪ ತೆರೆದಿಡುತ್ತೇವೆ. (ಠಾಣೆ)

ಕೂಡದು. ಆರುತ್ತಾ ಬಂದ ಕೆಂಡವನ್ನೂ ಒಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ‘ಸ್ವಲ್ಪ ತೆರೆದರೆ ಸಾಕು’ ಎಂದು ಹೇಳಿಕೊಟ್ಟವರ ಮಾತನ್ನು ಇನ್ನಾವುದಕ್ಕೂ ಕೇಳಬೇಡಿ.

ಪ್ರಶ್ನೆ: ಹಾವು ಬಾರದಂತೆ ಟೆಂಟಿನ ಸುತ್ತ ಉಪ್ಪು ಸುರಿಯಬೇಕೇ, ಕಾರ್ಬಾಲಿಕ್ ಆಸಿಡ್ಡೇ? (ಡೊಂಬಿವಲಿ)

ಎರಡೂ ವ್ಯರ್ಥ, ಆಸಿಡ್ ಮಕ್ಕಳ ಕೈಕಾಲು ಸುಡುತ್ತದೆ ಅಷ್ಟೆ. ಜಿಪ್ ಹಾಕಿ, ಶೂ ಒಳಗಿಡಿ, ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ. ನೆಲದಲ್ಲಿ ಮಲಗಿದವರಿಗೆ ಭಯವಿರುವುದು ಕಟ್ಟುಹಾವಿನದು, ಮರಾಠಿಯ ಮಣ್ಯಾರ್. ಅದು ಕಚ್ಚಿದರೆ ಎಷ್ಟೋ ಸಲ ನೋವೇ ಆಗದು. ಬೆಳಗ್ಗೆ ಹೊಟ್ಟೆನೋವು, ಜೋಲುವ ರೆಪ್ಪೆ ಕಂಡರೆ 108ಕ್ಕೆ ಕರೆಮಾಡಿ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ.

ಪ್ರಶ್ನೆ: ಕ್ಯಾಂಪಿಂಗ್ ಬ್ರಿಟಿಷರು ಕಲಿಸಿದ್ದೇ? (ಪುಣೆ)

ಬಯಲಲ್ಲಿ ಡೇರೆ ಹೂಡುವುದನ್ನು ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ದಿಂಡಿ ನೋಡಿದವರಿಗೆ ಯಾರೂ ಕಲಿಸಬೇಕಿಲ್ಲ. ಮೋಜಿಗಾಗಿ ಬಯಲಲ್ಲಿ ಮಲಗುವ ಹವ್ಯಾಸಕ್ಕೆ ಸಂಘ ಕಟ್ಟಿದ್ದು ಲಂಡನ್ನಿನ ದರ್ಜಿ ಥಾಮಸ್ ಹೈರಮ್ ಹೋಲ್ಡಿಂಗ್ ಮತ್ತು ಅವರ ಸೈಕಲ್ ಗೆಳೆಯರು, 1901ರಲ್ಲಿ.