ಇಮೇಜ್ ಲೋಡ್ ಆಗದಿದ್ದರೆ ಡಿಸ್ಕ್ ಅಲ್ಲ, ಡೇಟಾಬೇಸ್ ಕನೆಕ್ಷನ್ ಸಾಲು ನೋಡಿ

ಹೊಸ ಡಿಸ್ಕ್ ತರೋಕೆ ಎಸ್.ಪಿ. ರೋಡಿಗೆ ಹೋಗಬೇಡಿ. ನಿಮ್ಮ ಡಿಸ್ಕ್ ಕೆಟ್ಟಿಲ್ಲ, ಉಬುಂಟು ಇಮೇಜ್ (ವರ್ಚುವಲ್ ಮಷೀನ್ ಶುರು ಮಾಡೋಕೆ ಬಳಸುವ ಓಎಸ್ ಫೈಲ್) ಕೂಡ ಕೆಟ್ಟಿಲ್ಲ. ನೀವು ಬರೆದಿರುವುದು ಇಷ್ಟು: ಬೆಂಗಳೂರಿನ ಕಾಲೇಜ್ ಲ್ಯಾಬಿನ ಹಳೇ ಓಪನ್‌ಸ್ಟ್ಯಾಕ್ (ಸ್ವಂತ ಕ್ಲೌಡ್ ನಡೆಸುವ ಸಾಫ್ಟ್‌ವೇರ್) ತೆಗೆದು ಹೊಸ ವರ್ಷನ್ ಹಾಕಿದಿರಿ, ಕಾನ್ಫಿಗ್ ಫೈಲುಗಳನ್ನು ಹಾಗೇ ಕಾಪಿ ಮಾಡಿದಿರಿ, ಈಗ ಇಮೇಜ್ ಪುಟ ತುಂಬಾ ಹೊತ್ತು ಸುತ್ತಿ ಸುತ್ತಿ ಕೊನೆಗೆ 500 ಎರರ್ ಕೊಡುತ್ತದೆ, ಆದರೆ ಅದೇ ಪಾಸ್‌ವರ್ಡ್ ಹಾಕಿ ಅದರ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ಗೆ ಕೈಯಾರೆ ಲಾಗಿನ್ ಆದರೆ ಒಳಗೆ ಹೋಗುತ್ತದೆ. ಉತ್ತರ ಇರುವುದು ಆ ಕೊನೆಯ ಮಾತಿನಲ್ಲೇ.

ಓಪನ್‌ಸ್ಟ್ಯಾಕ್‌ನಲ್ಲಿ ಇಮೇಜ್ ನೋಡಿಕೊಳ್ಳುವುದು ಗ್ಲಾನ್ಸ್ ಅಲ್ವಾ? ಇಮೇಜ್ ಫೈಲ್ ಡಿಸ್ಕ್‌ನಲ್ಲಿ ಇದ್ದರೂ ಅದರ ಹೆಸರು, ಸೈಜ್, ಸ್ಟೇಟಸ್, ಅದು ಎಲ್ಲಿದೆ ಅನ್ನುವ ವಿವರ ಎಲ್ಲ ಡೇಟಾಬೇಸ್‌ನಲ್ಲಿ ಇರುತ್ತದೆ. ಡೇಟಾಬೇಸ್ ಸಿಗದಿದ್ದರೆ ಗ್ಲಾನ್ಸ್‌ಗೆ ಪಟ್ಟಿ ತೋರಿಸಲೂ ಆಗುವುದಿಲ್ಲ. ಪುಟ ಅಷ್ಟು ಹೊತ್ತು ಸುತ್ತುವುದಕ್ಕೂ ಇದೇ ಕಾರಣ. ಕನೆಕ್ಷನ್ ಸಿಗದಿದ್ದಾಗ ಅದು ಡೀಫಾಲ್ಟ್ ಆಗಿ 10 ಸೆಕೆಂಡ್ ಬಿಟ್ಟು ಬಿಟ್ಟು 10 ಸಲ ಮತ್ತೆ ಪ್ರಯತ್ನಿಸುತ್ತದೆ, ಆಮೇಲೇ ಕೈ ಬಿಡುತ್ತದೆ.

ಈಗ ಗ್ಲಾನ್ಸ್ ಕಾನ್ಫಿಗ್ ಫೈಲಿನಲ್ಲಿ, ಯಾವ ಡೇಟಾಬೇಸ್‌ಗೆ ಯಾವ ಪಾಸ್‌ವರ್ಡ್‌ನಿಂದ ಹೋಗಬೇಕು ಅಂತ ಹೇಳುವ ನಿಮ್ಮ ಕನೆಕ್ಷನ್ ಸಾಲು ನೋಡಿ. ನೀವೇ ಇಲ್ಲಿ ಹಾಕಿದ್ದೀರಿ, ಗ್ಲಾನ್ಸ್:ಮೈಸೂರು@123@ಕಂಟ್ರೋಲರ್/ಗ್ಲಾನ್ಸ್ ಅಂತ. ಪಾಸ್‌ವರ್ಡ್ ಒಳಗೆ ಒಂದು @ ಇದೆ. ಪಾಸ್‌ವರ್ಡ್ ಮುಗಿಯಿತು, ಇನ್ನು ಸರ್ವರ್ ಹೆಸರು ಅಂತ ತಿಳಿಸುವ ಗುರುತೂ @ ಅನ್ನುವುದೇ. ಈ ಸಾಲನ್ನು ಓದುವುದು ಎಸ್‌ಕ್ಯೂಎಲ್‌ಆಲ್ಕೆಮಿ ಅನ್ನುವ ಪೈಥಾನ್ ಲೈಬ್ರರಿ. ಅದರ ಹಳೇ ವರ್ಷನ್‌ಗಳು ಕೊನೆಯ @ ತನಕ ಎಲ್ಲವನ್ನೂ ಪಾಸ್‌ವರ್ಡ್ ಅಂತಲೇ ತೆಗೆದುಕೊಳ್ಳುತ್ತಿದ್ದವು, ಹಾಗಾಗಿ ನಿಮ್ಮ ಹಳೇ ಲ್ಯಾಬ್ ತೊಂದರೆ ಇಲ್ಲದೆ ನಡೆಯಿತು. 2021ರಲ್ಲಿ ಬಂದ 1.4ರಿಂದ ಇದು ಬದಲಾಯಿತು, ಈಗ ಮೊದಲ @ ಬಂದ ಕೂಡಲೇ ಪಾಸ್‌ವರ್ಡ್ ಮುಗಿಯಿತು ಅಂದುಕೊಂಡು, "123@ಕಂಟ್ರೋಲರ್" ಅನ್ನುವ ಸರ್ವರ್ ಹುಡುಕಲು ಹೋಗುತ್ತದೆ. ಅಂಥ ಸರ್ವರ್ ಎಲ್ಲಿಂದ ಬರಬೇಕು? ಮೈಎಸ್‌ಕ್ಯೂಎಲ್ ಕಮಾಂಡ್‌ಗೆ ಈ ಥರ ಸಾಲು ಒಡೆದು ಓದುವ ಕೆಲಸವೇ ಇಲ್ಲ, ಅದಕ್ಕೇ ಅಲ್ಲಿ ಲಾಗಿನ್ ಆಯಿತು.

ಸುಮ್ನೆ ನನ್ನ ಮಾತು ನಂಬಬೇಡಿ, ಗ್ಲಾನ್ಸ್ ಎಪಿಐ ಲಾಗ್ ತೆಗೆದು 2003 ಅನ್ನುವ ಎರರ್ ನಂಬರ್ ಹುಡುಕಿ. ಕನೆಕ್ಟ್ ಆಗಲಿಲ್ಲ ಅನ್ನುವ ಸಾಲಿನಲ್ಲಿ ಸರ್ವರ್ ಹೆಸರಿನ ಮುಂದೆ 123@ ಅಂಟಿಕೊಂಡಿರುತ್ತದೆ.

ಅರ್ಜೆಂಟ್ ಇದ್ದರೆ ಪಾಸ್‌ವರ್ಡ್ ಒಳಗಿನ @ ಬದಲು %40 (ಇಂಥ ಸಾಲಿನಲ್ಲಿ @ ಬರೆಯುವ ಕೋಡ್) ಅಂತ ಬರೆದು ಗ್ಲಾನ್ಸ್ ರೀಸ್ಟಾರ್ಟ್ ಮಾಡಿ, ಸಾಕು. ಆದರೆ ಪಾಸ್‌ವರ್ಡ್ ಹೇಗೂ ಇಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿದ್ದೀರಿ, ಅದನ್ನೇ ಬದಲಾಯಿಸುವುದು ಒಳ್ಳೆಯದು. ಬರೀ ಅಕ್ಷರ, ಅಂಕಿ ಇರುವ ಉದ್ದದ ಪಾಸ್‌ವರ್ಡ್ ಇಡಿ. ಡಾಲರ್ ಚಿಹ್ನೆಯೂ ಬೇಡ, ಓಪನ್‌ಸ್ಟ್ಯಾಕ್ ಕಾನ್ಫಿಗ್‌ನಲ್ಲಿ ಅದಕ್ಕೆ ಬೇರೆ ಅರ್ಥವಿದೆ, ಹಾಗೇ ಬೇಕೆಂದರೆ $$ ಅಂತ ಎರಡು ಸಲ ಬರೆಯಬೇಕು. ಬದಲಾಯಿಸುವಾಗ ಒಂದು ಎಚ್ಚರ: ಇನ್‌ಸ್ಟಾಲ್ ಗೈಡ್ ಪ್ರಕಾರ ಮಾಡಿದ್ದರೆ ಮೈಎಸ್‌ಕ್ಯೂಎಲ್‌ನಲ್ಲಿ ಗ್ಲಾನ್ಸ್ ಹೆಸರಿನಲ್ಲಿ ಎರಡು ಅಕೌಂಟ್ ಇರುತ್ತವೆ, ಒಂದು ಲೋಕಲ್‌ಹೋಸ್ಟ್‌ಗೆ, ಇನ್ನೊಂದು % ಅಂದರೆ ಬೇರೆ ಎಲ್ಲಿಂದ ಬಂದರೂ. ಎರಡರ ಪಾಸ್‌ವರ್ಡನ್ನೂ ಬದಲಾಯಿಸಿ. ಒಂದನ್ನೇ ಬದಲಾಯಿಸಿದರೆ 1045 ಎರರ್ (ಲಾಗಿನ್ ನಿರಾಕರಣೆ) ಬಂದು ಇನ್ನೂ ಜಾಸ್ತಿ ಗೊಂದಲವಾಗುತ್ತದೆ. ಟೆಸ್ಟ್ ಮಾಡುವಾಗಲೂ ಸರ್ವರ್ ಹೆಸರು ಕಂಟ್ರೋಲರ್ ಅಂತ ಕೊಟ್ಟೇ ಲಾಗಿನ್ ಆಗಿ, ಇಲ್ಲದಿದ್ದರೆ ನೀವು ಬೇರೆಯದೇ ಅಕೌಂಟನ್ನು ಪರೀಕ್ಷಿಸಿದ ಹಾಗೆ.

ಗ್ಲಾನ್ಸ್‌ನ ಅದೇ ಕಾನ್ಫಿಗ್ ಫೈಲಿನ ಡೇಟಾಬೇಸ್ ವಿಭಾಗದಲ್ಲಿ ಇನ್ನೊಂದು ಕನೆಕ್ಷನ್ ಸಾಲು ಇದೆಯಾ ಅಂತಲೂ ನೋಡಿ. ಉಬುಂಟು ಪ್ಯಾಕೇಜ್ ಜೊತೆ ಎಸ್‌ಕ್ಯೂಲೈಟ್ ಅನ್ನುವ ಬೇರೆ ಡೇಟಾಬೇಸ್‌ನ ಒಂದು ಸಾಲು ಬರುತ್ತದೆ. ಎರಡೂ ಇದ್ದರೆ ಕೆಳಗಿನದ್ದೇ ನಡೆಯುತ್ತದೆ, ನೀವು ಮೇಲೆ ಎಷ್ಟು ಸರಿಯಾಗಿ ಬರೆದರೂ ಪ್ರಯೋಜನವಿಲ್ಲ.

ಕನೆಕ್ಟ್ ಆದ ಮೇಲೆ 1146 ಬಂದರೆ ಟೇಬಲ್ ಇಲ್ಲ ಅಂತ ಅರ್ಥ, ಟೇಬಲ್‌ಗಳನ್ನು ಮಾಡಿಕೊಡುವ ಗ್ಲಾನ್ಸ್ ಮ್ಯಾನೇಜ್‌ನ ಡಿಬಿ ಸಿಂಕ್ ಕಮಾಂಡ್ ಓಡಿಸಿ. ದಯವಿಟ್ಟು ಗ್ಲಾನ್ಸ್ ಯೂಸರ್ ಆಗಿಯೇ ಓಡಿಸಿ. ರೂಟ್ ಆಗಿ ಓಡಿಸಿದರೆ ಲಾಗ್ ಫೈಲ್ ರೂಟ್ ಹೆಸರಿಗೆ ಹೋಗಿ, ಸರ್ವಿಸ್ಸೇ ಏಳದೆ ಹೋಗಬಹುದು. ಇನ್ನು ಒಮ್ಮೆ ಲೋಡ್ ಆಗಿ ಒಮ್ಮೆ ಆಗದಿದ್ದರೆ, ಲಾಗಿನಲ್ಲಿ 1040 ಇದ್ದರೆ, ಕನೆಕ್ಷನ್ ಮಿತಿ ಸಾಲುತ್ತಿಲ್ಲ. ಮಾರಿಯಾಡಿಬಿ (ಮೈಎಸ್‌ಕ್ಯೂಎಲ್‌ನದ್ದೇ ಇನ್ನೊಂದು ರೂಪ) ಡೀಫಾಲ್ಟ್ ಬರೀ 151, ಗೈಡ್‌ನಲ್ಲಿ 4096 ಇದೆ.

ಎಲ್ಲ ಸರಿಯಾದ ಮೇಲೆ ಕ್ಯೂಡ್ ಅಥವಾ ಸೇವಿಂಗ್ ಅಂತ ಅರ್ಧಕ್ಕೆ ನಿಂತ ಇಮೇಜ್‌ಗಳು ಕಾಣಬಹುದು. ಅವು ತಾವಾಗಿ ಸರಿಹೋಗುವುದಿಲ್ಲ, ಅಳಿಸಿ ಮತ್ತೆ ಅಪ್‌ಲೋಡ್ ಮಾಡಿ. ಮೊದಲು ಸಿರೋಸ್‌ನಂಥ ಚಿಕ್ಕ ಇಮೇಜ್ ಹಾಕಿ ನೋಡಿ, ಹಾಸ್ಟೆಲ್ ನೆಟ್‌ನಲ್ಲಿ ದೊಡ್ಡ ಉಬುಂಟು ಫೈಲ್ ಇನ್ನೊಮ್ಮೆ ಇಳಿಸುವ ಕಷ್ಟ ಬೇಡ. ಆಗಲೂ 500 ಬಂದರೆ ಲಾಗಿನ ಆ ಎರರ್ ಸಾಲನ್ನು ಇಲ್ಲಿ ಹಾಕಿ, ಈ ಸಲ ಪಾಸ್‌ವರ್ಡ್ ಅಳಿಸಿ ಹಾಕಿ, ನೋಡಿ ಹೇಳುತ್ತೇನೆ.